ಉಡುಗೆ ತೊಡುಗೆಗಳ ಏರಿಳಿತ: ಗೂಳೂರು ಸೀಮೆಯ ಕೆಲವು ಸಾಕ್ಷ್ಯಗಳು

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಹಾದಿಯಲ್ಲಿ ಸುಮಾರು 5-6 ಕಿಲೋಮೀಟರು ದೂರದಲ್ಲಿರುವ ಗೂಳೂರು ನಾಡಿನ ಜನಕ್ಕೆ ಪರಿಚಿತವಾಗಿರುವುದು ಅಲ್ಲಿಯ ಮಣ್ಣಿನ ಮಹಾಗಣಪತಿಯಿಂದ. ಭಾದ್ರಪದದ ಚೌತಿಯಂದು ಮೂರ್ತಿಯ ಕೆಲಸಕ್ಕೆ ತೊಡಗಿ, ಬಲಿಪಾಡ್ಯಮಿಯಂದು ಅದನ್ನು ಪೂಜೆಗೆ ಅಣಿಗೊಳಿಸಿ, ಕಾರ್ತಿಕವೆಲ್ಲ ಅರ್ಚಿಸಿ, ಬಳಿಕ ಊರ ಕೆರೆಯಲ್ಲಿ ವಿಸರ್ಜಿಸುವ ಪದ್ಧತಿ ಬೇರೆ ಕಡೆಗಳಲ್ಲಿ ವಿರಳ. ಆದರೆ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ಊರಿನ ಹೆಸರು ಬೇರೊಂದು ಕಾರಣದಿಂದ ನೆನಪಾಗುತ್ತದೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕಡೆಯದನ್ನು ಸಂಕಲಿಸಿದವನು ಗೂಳೂರು ಸಿದ್ಧವೀರಣ್ಣೊಡೆಯ. ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗಯತಿಗಳ ಶಿಷ್ಯಪರಂಪರೆಗೆ ಸೇರಿದ ಈತನ ಕಾಲ 16ನೆಯ ಶತಮಾನ. ಈ ಗ್ರಂಥದಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬರುವ ಪ್ರಸಂಗವಿದೆ. ಉಟ್ಟುದನ್ನು ಕಳೆದು ಬಂದವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದೆಯೆಂಬ ಅಲ್ಲಮನ ಪ್ರಶ್ನೆಗೆ, ಆ ಮರೆ ತನಗಾಗಿ ಅಲ್ಲ, ಕಾಣುವವರಿಗೆ ನೋವಾಗದಿರಲೆಂದು ಎಂಬ ಅರ್ಥದ ಉತ್ತರವನ್ನು ಆಕೆ ಕೊಡುತ್ತಾಳೆ. ಇದರ ಆಧ್ಯಾತ್ಮಿಕ ತಾತ್ಪರ್ಯವನ್ನು ವಿದ್ವಾಂಸರು ವಿಸ್ತಾರವಾಗಿ ವಿವೇಚಿಸಿದ್ದಾರೆ. ಚರಿತ್ರೆಯ ವಿದ್ಯಾರ್ಥಿಗೆ ಅದರಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ಚಳಿ ಮಳೆಗಳ ರಕ್ಷಣೆಗಿಂತಲೂ ಮಿಗಿಲಾಗಿ, ನೋಡುವವರ ಕಣ್ಣಿಗೆ ಒಪ್ಪಿಸುವ ಉತ್ತರವೇ ಉಡುಪು ಎಂಬ ತಿಳಿವಳಿಕೆ ನಮ್ಮಲ್ಲಿ ಬಹು ಹಿಂದಿನಿಂದಲೂ ಸ್ಪಷ್ಟವಾಗಿತ್ತು.

ಉಡುಪಿನ ಚರಿತ್ರೆಯನ್ನು ಕುರಿತು ನಮ್ಮ ವಿದ್ಯಾವಂತರಲ್ಲಿ ರೂಢವಾಗಿರುವ ಒಂದು ನಂಬಿಕೆಯುಂಟು. ಹೊಲಿಗೆಯಿಲ್ಲದ ಸೀರೆ ಪಂಚೆಗಳು ನಮ್ಮವು, ಹೊಲಿದ ಅಂಗಿ ಇಜಾರಗಳು ಹೊರಗಿನಿಂದ ಬಂದವು ಎಂಬುದೇ ಅದು. ಕೇಳಲು ಸರಳವಾದ ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಗೂಳೂರಿನಿಂದ ಒಂದು ದಿನದ ಪಯಣದೊಳಗೆ ದೊರೆಯುವ ಸಾಕ್ಷ್ಯಗಳನ್ನೇ ಮುಖ್ಯವಾಗಿ ಆಧರಿಸಿ ಇದನ್ನು ಪರಿಶೀಲಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯ. ಕನ್ನಡದಲ್ಲಿ ಸೀರೆಯನ್ನೂ ಪಂಚೆಯನ್ನೂ ಉಡುತ್ತೇವೆ, ಅಂಗಿ, ರವಿಕೆ, ಬಳೆ, ಒಡವೆಗಳನ್ನು ತೊಡುತ್ತೇವೆ, ಕಂಬಳಿ, ಶಾಲುಗಳನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ. ಕ್ರಿಯಾಪದಗಳ ಈ ವಿಂಗಡಣೆಯನ್ನು ಯಾವ ವೈಯಾಕರಣನೂ ವಿಧಿಸಿದ್ದಲ್ಲ. ಮೈಗೆ ಬಳಸಿದ್ದನ್ನು ಉಡುವುದೆಂದೂ, ಅವಯವವನ್ನು ಒಳಹೊಗಿಸಿದ್ದನ್ನು ತೊಡುವುದೆಂದೂ ಜನರೇ ಬೇರ್ಪಡಿಸಿಕೊಂಡರು. ಹೊಲಿದ ಬಟ್ಟೆ ಈಚಿನ ಶತಮಾನಗಳ ಆಗಂತುಕವಾಗಿದ್ದರೆ ಅದಕ್ಕೆ ಇಷ್ಟು ಹಳೆಯ ಅಚ್ಚಗನ್ನಡ ಕ್ರಿಯಾಪದ ಇಷ್ಟು ಸಹಜವಾಗಿ ಒದಗುತ್ತಿರಲಿಲ್ಲ. ಸಂಸ್ಕೃತದ ಕೂರ್ಪಾಸದಿಂದ ಬಂದ ಕುಪ್ಪಸ, ಕಂಚುಕದಿಂದ ಬಂದ ಕಂಚುಳಿಕೆ ಮೊದಲಾದ ಮಾತುಗಳೂ ಪ್ರಾಚೀನವಾದವೇ. ಇನ್ನು ಸೀರೆಯ ವಿಷಯ: ಚೀರ ಶಬ್ದದ ತದ್ಭವವೆಂದು ನಿಘಂಟುಕಾರರು ಹೇಳುವ ಈ ಮಾತಿಗೆ ಹಳಗನ್ನಡದಲ್ಲಿ ಬಟ್ಟೆ ಎಂಬ ಸಾಮಾನ್ಯಾರ್ಥವೇ ಉಂಟು, ಗಂಡಸು ಉಟ್ಟದ್ದೂ ಸೀರೆಯೇ ಆಗಿತ್ತು. ಅದು ಹೆಂಗಸಿನ ವಸ್ತ್ರಕ್ಕೆ ಮಾತ್ರ ಸಂಕೋಚಗೊಂಡದ್ದು ಕಾಲಾಂತರದಲ್ಲಿ. ಆದುದರಿಂದ ಹಳೆಯ ಕಾವ್ಯದಲ್ಲಿ ಸೀರೆಯೆಂದು ಕಂಡೊಡನೆ ಇಂದಿನ ಸೀರೆಯನ್ನು ಕಲ್ಪಿಸಿಕೊಳ್ಳುವ ವಿದ್ಯಾರ್ಥಿ ಎಡವುವ ಸಂಭವವಿದೆ.

ಗೂಳೂರಿಗೆ ಹತ್ತಿರದಲ್ಲೇ ಇರುವ ಕೈದಾಳದಲ್ಲಿ ಹೊಯ್ಸಳ ನರಸಿಂಹನ ಸಾಮಂತನಾದ ಬಾಚಿಯು 1150-51ರ ವೇಳೆಗೆ ಕಟ್ಟಿಸಿದ ಚೆನ್ನಕೇಶವ ದೇವಾಲಯವಿದೆ. ಜಕಣಾಚಾರಿಯ ಕೈ ಮರಳಿ ಬಂದ ಊರೆಂದು ಐತಿಹ್ಯ ಹೇಳುವುದು ಇದನ್ನೇ. ದ್ವಾರದ ಬಳಿಯ ಕಂಬದಲ್ಲಿ ಕೈಮುಗಿದು ನಿಂತ ಚಿಕ್ಕ ಪುರುಷಮೂರ್ತಿಯೊಂದನ್ನು ಜನ ಜಕಣಾಚಾರಿಯೆಂದೇ ತೋರಿಸುತ್ತಾರೆ. ಅದು ಗುಡಿಯನ್ನು ಕಟ್ಟಿಸಿದ ಸಾಮಂತನದೇ ಇದ್ದೀತೆಂದು ಊಹಿಸಲು ಅವಕಾಶವಿದೆ. ಹೊಯ್ಸಳ ಶಿಲ್ಪದಲ್ಲಿ ದೇವತೆಗಳೂ ಮದನಿಕೆಯರೂ ಸೊಂಟದಿಂದ ಕೆಳಗೆ ನೆರಿಗೆಯ ವಸ್ತ್ರ, ಅದರ ಮೇಲೆ ಹಾರ ಕುಚ್ಚುಗಳ ಭಾರ, ಮೇಲ್ಮೈಯಲ್ಲಿ ಆಭರಣ ಮಾತ್ರ ಎಂಬಂತೆ ಕಾಣುತ್ತಾರೆ. ಇದನ್ನು ನೋಡಿ 12ನೆಯ ಶತಮಾನದ ಕನ್ನಡಿಗರು ಹೊಲಿದುದನ್ನು ತೊಡುತ್ತಲೇ ಇರಲಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ಶಿಲ್ಪಿಯು ಕಡೆದದ್ದು ದೇವತೆಯ ಲಕ್ಷಣವನ್ನು, ಪೇಟೆಯ ಜನವನ್ನಲ್ಲ. ಈ ಮಾತಿಗೆ ವಚನಕಾರರ ಹೆಸರುಗಳೇ ಆಧಾರ. ಜೇಡರ ದಾಸಿಮಯ್ಯ ನೆಯ್ಗೆಯವನು; ಕದಿರ ರೆಮ್ಮವ್ವೆ ನೂಲುವವಳು; ಮಡಿವಾಳ ಮಾಚಯ್ಯ ಒಗೆಯುವವನು; ಇವರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನೂ ಇದ್ದಾನೆ. ಹೊಲಿಗೆಯನ್ನೇ ಕಾಯಕವಾಗಿಟ್ಟುಕೊಂಡು ಬದುಕುವಷ್ಟು ಗಿರಾಕಿಗಳು ಇಲ್ಲದಿದ್ದರೆ ಸೂಜಿಯ ಕಾಯಕವೆಂಬುದು ಒಬ್ಬ ಶರಣನ ಹೆಸರಿಗೆ ಸೇರುತ್ತಿರಲಿಲ್ಲ. ನೂಲುವುದರಿಂದ ಹಿಡಿದು ಒಗೆಯುವವರೆಗೆ ಬಟ್ಟೆಯ ಇಡೀ ಬಾಳು ಈ ನಾಲ್ಕು ಹೆಸರುಗಳಲ್ಲಿ ಅಡಗಿದೆ. ಕಲ್ಲಿನಲ್ಲಿ ಅದರ ಸುಳಿವಿಲ್ಲ.

ವೀರಗಲ್ಲುಗಳ ಸಾಕ್ಷ್ಯ ದೇವಾಲಯದ ಶಿಲ್ಪಕ್ಕಿಂತ ಜನಜೀವನಕ್ಕೆ ಹತ್ತಿರವಾದುದು. ಅಲ್ಲಿಯ ಯೋಧ ಬಿಗಿದ ಕಾಸೆಯವನು. ಬಟ್ಟೆಯನ್ನು ಕಾಲುಗಳ ನಡುವೆ ಸೆಳೆದು ಹಿಂದೆ ಸಿಕ್ಕಿಸುವ ಈ ಕಾಸೆಯೇ ನಮ್ಮ ಕಚ್ಚೆ. ತುಮಕೂರು ಸೀಮೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ವೀರಗಾಸೆಯ ಕುಣಿತ ಹೆಸರು ಪಡೆದುದು ಇದರಿಂದಲೇ. ದುಡಿಯುವವರಿಗೂ ಕಾದುವವರಿಗೂ ಅನುಕೂಲವಾದ ಕಚ್ಚೆ ಕ್ರಮೇಣ ವೈದಿಕರ ಗೌರವದ ಉಡಿಗೆಯೂ ಆಯಿತು. ಒಂದೇ ರೀತಿಯ ಉಡಿಗೆ ಹೊಲದಲ್ಲಿ ಮೊಳಕಾಲಿನ ಮೇಲಕ್ಕೂ ಅಗ್ರಹಾರದಲ್ಲಿ ಹರಡಿನವರೆಗೂ ಇಳಿದಿರುತ್ತಿತ್ತು. ಅಂತಸ್ತು ಇದ್ದದ್ದು ಬಟ್ಟೆಯ ಉದ್ದದಲ್ಲಿ.

ಸಿದ್ಧವೀರಣ್ಣೊಡೆಯನ ಕಾಲದಲ್ಲಿ ಆಸ್ಥಾನದವರು ಹೇಗೆ ಕಾಣುತ್ತಿದ್ದರೆಂಬುದನ್ನು ತಿಳಿಯಲು ಲೇಪಾಕ್ಷಿಗೆ ಹೋಗಬೇಕು. ತುಮಕೂರು ಜಿಲ್ಲೆಯ ಗಡಿಯಿಂದ ಅದು ದೂರವಲ್ಲ. ವಿಜಯನಗರದ ಅಚ್ಯುತರಾಯನ ಆಳಿಕೆಯ ಕಾಲದಲ್ಲಿ (1529-1542) ವಿರೂಪಣ್ಣನು ಬೆಳೆಸಿದ ವೀರಭದ್ರ ದೇವಾಲಯದ ಮಾಳಿಗೆಯ ಚಿತ್ರಗಳಲ್ಲಿ ಗಂಡಸರು ಎತ್ತರವಾದ ಮೊನಚು ಟೊಪ್ಪಿಗೆಗಳನ್ನೂ ತೋಳುಳ್ಳ ತೆಳುವಾದ ನಿಲುವಂಗಿಗಳನ್ನೂ ತೊಟ್ಟು ನಿಂತಿದ್ದಾರೆ. ಹೆಂಗಸರ ಸೀರೆಗಳಲ್ಲಿ ಪಟ್ಟೆ, ಹೂ, ಚೌಕುಳಿಗಳ ವೈವಿಧ್ಯ ಕಣ್ಣನ್ನು ಸೆಳೆಯುತ್ತದೆ. ಆ ಟೊಪ್ಪಿಗೆಗೆ ಕುಲ್ಲಾಯಿ, ನಿಲುವಂಗಿಗೆ ಕಬಾಯಿ ಎಂದು ಹೆಸರು. ಮೊದಲನೆಯದು ಪಾರಸಿಯ ಕುಲಾಹ್, ಎರಡನೆಯದು ಅರಬ್ಬಿಯ ಕಬಾ. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಉಡುಪನ್ನು ವಿವೇಚಿಸಿ, ವಿಜಯನಗರದ ದೊರೆಗಳು ಇದನ್ನು ಯಾರ ಒತ್ತಾಯದಿಂದಲೂ ಅಲ್ಲ, ವಿಶಾಲ ಜಗತ್ತಿನ ರಾಜಮರ್ಯಾದೆಯಲ್ಲಿ ತಾವೂ ಪಾಲುಗಾರರೆಂದು ತೋರಿಸಲು ಇಷ್ಟಪಟ್ಟು ಸ್ವೀಕರಿಸಿದರೆಂದು ತೋರಿಸಿದ್ದಾರೆ. ಒಡ್ಡೋಲಗದಲ್ಲಿ ಕಬಾಯಿ ತೊಟ್ಟವನೇ ಪೂಜೆಗೆ ಕುಳಿತಾಗ ಅದನ್ನು ಕಳಚಿ ಧೋತ್ರವನ್ನು ಉಡುತ್ತಿದ್ದನು. ಹೀಗೆ ಒಬ್ಬನೇ ಮನುಷ್ಯನಿಗೆ ಎರಡು ಬಗೆಯ ಔಪಚಾರಿಕ ಉಡುಪು: ದೇವರ ಮುಂದೆ ಒಂದು, ದೊರೆಯ ಮುಂದೆ ಒಂದು. ಈ ಇಬ್ಬಗೆ 16ನೆಯ ಶತಮಾನದಿಂದ ಇಂದಿನವರೆಗೂ ನಮ್ಮಲ್ಲಿ ಮುರಿಯದೆ ಬಂದಿದೆಯೆಂಬುದು ನಮ್ಮ ಅಭಿಪ್ರಾಯ.

ಕುಲ್ಲಾಯಿಯ ಮುಂದಿನ ಗತಿ ಸ್ವಾರಸ್ಯವಾದುದು. ಅರಸರ ನೆತ್ತಿಯ ಮೇಲೆ ಮೆರೆದ ಆ ಟೊಪ್ಪಿಗೆ ಪೇಟ ಪಾಗುಗಳ ಕಾಲ ಬಂದಂತೆ ಆಸ್ಥಾನದಿಂದ ಜಾರಿ, ಹೆಸರನ್ನು ಮಾತ್ರ ಉಳಿಸಿಕೊಂಡು ಕೂಸಿನ ತೊಟ್ಟಿಲನ್ನು ಸೇರಿತು. ಹಸುಳೆಯ ಕಿವಿಗೆ ಗಾಳಿ ಸೋಕದಂತೆ ಅಜ್ಜಿಯರು ಕಟ್ಟುವ ಕುಲಾವಿ ಅದೇ ಶಬ್ದ. ಆ ಹೆಸರು ಇಸ್ಫಹಾನಿನ ಭಾಷೆಯದೆಂದು ಅವರಿಗೆ ಹೇಳಿದರೆ ನಂಬುವುದು ಕಷ್ಟ.

ಪಾರಸಿ ಅರಬ್ಬಿ ಮಾತುಗಳ ಎರಡನೆಯ ಅಲೆ ಈ ಸೀಮೆಗೆ ಇನ್ನೂ ಹತ್ತಿರದಿಂದ ಬಂದಿತು. 1638ರ ಸುಮಾರಿಗೆ ಬಿಜಾಪುರದ ರಣದುಲ್ಲಾಖಾನನ ವಶವಾದ ಶಿರಾ, 1687ರಿಂದ ಮೊಗಲರ ಸುಬಾದ ಮುಖ್ಯ ಪಟ್ಟಣವಾಗಿ, 1761ರಲ್ಲಿ ಹೈದರಾಲಿಯ ಕೈಸೇರುವವರೆಗೆ ಅಧಿಕಾರದ ನೆಲೆಯಾಗಿತ್ತು. ರುಮಾಲು, ಇಜಾರ, ಷರಾಯಿ, ಜೇಬು ಇವೆಲ್ಲ ಕಚೇರಿಯ ಕಡತಗಳೊಡನೆ ನಮ್ಮ ಹಳ್ಳಿಗಳ ಮಾತಿಗೆ ಇಳಿದುವು. ಮುಖ ಒರಸುವ ಬಟ್ಟೆಯೆಂದು ಪಾರಸಿಯಲ್ಲಿ ಅರ್ಥವುಳ್ಳ ರುಮಾಲು ಕನ್ನಡದಲ್ಲಿ ತಲೆಯೇರಿ ಕುಳಿತದ್ದನ್ನು ಗಮನಿಸಬೇಕು. ಕುಲ್ಲಾಯಿ ಇಳಿಯಿತು, ರುಮಾಲು ಏರಿತು!

ಆದರೆ ಈ ಸೀಮೆಯ ಬಹುಸಂಖ್ಯಾತರ ಉಡುಪು ಇವಾವುದೂ ಅಲ್ಲ. ಅದು ಕಂಬಳಿ ಮತ್ತು ದಪ್ಪನೆಯ ಹತ್ತಿಬಟ್ಟೆ. 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ಘಟ್ಟದ ಮೇಲಿನ ನಾಡಿನ ದೊಡ್ಡ ಪೇಟೆಗಳಲ್ಲಿ ಒಂದೆಂದು ಎಣಿಸಿದ್ದಾನೆ. ಅಲ್ಲಿಯ ಸಂತೆಯ ಸರಕಿನಲ್ಲಿ ಬಿಳಿಯ ಮತ್ತು ಬಣ್ಣದ ಒರಟು ಹತ್ತಿಬಟ್ಟೆ, ಕಂಬಳಿ, ಗೋಣಿತಟ್ಟುಗಳೂ ಸೇರಿದ್ದುವು. ಕುರುಬರು ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹುಣಿಸೆಬೀಜದ ಅಂಬಲಿಯಿಂದ ಹಾಸಿಗೆ ಗಂಜಿ ಕೊಟ್ಟು ನೆಯ್ದ ಕಂಬಳಿಗೆ ಬಣ್ಣದ ಅಗತ್ಯವಿಲ್ಲ. ಕುರಿಯ ಕಪ್ಪೇ ಅದರ ಕಪ್ಪು. ಹಗಲು ಹೊದಿಕೆ, ರಾತ್ರಿ ಹಾಸಿಗೆ, ಮಳೆಯಲ್ಲಿ ಮೂಲೆಯನ್ನು ಮಡಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ, ಕಣದಲ್ಲಿ ಕಾಳು ಕಟ್ಟುವ ಜೋಳಿಗೆ. ಒಂದು ಕಂಬಳಿ ಒಬ್ಬ ರೈತನ ಹಲವು ವರ್ಷಗಳ ಸಂಗಾತಿ. ನ್ಯಾಯಪಂಚಾಯತಿಯಲ್ಲಿಯೂ ಮದುವೆಯಲ್ಲಿಯೂ ಗ್ರಾಮದೇವತೆಗಳ ಪೂಜೆಯಲ್ಲಿಯೂ ಕಂಬಳಿಯ ಗದ್ದಿಗೆ ಹಾಸುವ ಪದ್ಧತಿ ಈ ಸೀಮೆಯ ಅನೇಕ ಜಾತಿಗಳಲ್ಲಿ ಬೇರೂರಿದೆ. ಬಡವನ ಹೊದಿಕೆಗೆ ಸಿಂಹಾಸನದ ಗೌರವ ಬಂದುದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಹತ್ತಿಗೆ ಮುಟ್ಟಿದರೆ ಮೈಲಿಗೆ, ಉಣ್ಣೆಗೂ ರೇಷ್ಮೆಗೂ ಅದಿಲ್ಲವೆಂಬುದು ಸಂಪ್ರದಾಯ. ಮಡಿ ಎಂಬ ಮಾತೇ ಒಗೆದ ಬಟ್ಟೆಯಿಂದ ಹೊರಟು ಶುದ್ಧಿಯ ಸಮಸ್ತ ಕಲ್ಪನೆಯನ್ನೂ ವ್ಯಾಪಿಸಿತು. ಉಳ್ಳವರು ಪೂಜೆಗೆ ರೇಷ್ಮೆಯ ಮಡಿಯುಟ್ಟರು. ಇಲ್ಲದವರು ಕಂಬಳಿ ಹಾಸಿದರು. ಮೈಸೂರು ತಳಿಯ ರೇಷ್ಮೆಯ ಬಿತ್ತನೆಗೂಡಿಗೆ ಕುಣಿಗಲ್ ಹೆಸರಾದ ಮೇಲೆ ಈ ಎರಡು ಶುದ್ಧವಸ್ತ್ರಗಳ ಮೂಲವೂ ನೆರೆಹೊರೆಯಲ್ಲೇ ಇದ್ದಂತಾಯಿತು.

ಉಡುಪು ಮರ್ಯಾದೆಯ ಗುರುತಾದಾಗ ಅದು ಕೆಲವರಿಗೆ ನಿಷೇಧವೂ ಆಗುತ್ತದೆ. ಈ ಭಾಗವನ್ನು ನಮ್ಮ ಉಡುಪಿನ ಇತಿಹಾಸಕಾರರು ಸಾಮಾನ್ಯವಾಗಿ ಮೆಲ್ಲನೆ ದಾಟಿಹೋಗುತ್ತಾರೆ. ಒಡೆಯನ ಮುಂದೆ ಹೆಗಲ ವಲ್ಲಿಯನ್ನು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳಬೇಕಾಗಿತ್ತು. ಕಾಲಲ್ಲಿ ಕೆರ ಇರಕೂಡದಾಗಿತ್ತು. ಅಸ್ಪೃಶ್ಯರೆನಿಸಿದವರಿಗೆ ಮೊಳಕಾಲಿನ ಕೆಳಗಿಳಿಯುವ ಪಂಚೆಯೇ ಉದ್ಧಟತನವಾಗಿ ಕಾಣುತ್ತಿತ್ತು. ಬ್ರಾಹ್ಮಣ ವಿಧವೆಗೆ ಕೇಶವಪನದೊಡನೆ ರವಿಕೆಯೂ ತಪ್ಪಿ, ಬಿಳಿಯದೋ ಕೆಂಪಿನದೋ ಒಂದೇ ಬಣ್ಣದ ಸೀರೆ ಉಳಿಯುತ್ತಿತ್ತು. ಹೊಲಿದ ರವಿಕೆ ಮಡಿಗೆ ಸಲ್ಲದೆಂಬುದು ಶಾಸ್ತ್ರದ ಸಮಾಧಾನ. ಆದರೆ ಅದೇ ಮನೆಯ ಮುತ್ತೈದೆಗೆ ರವಿಕೆಯ ಕಣವನ್ನು ಅರಿಸಿನ ಕುಂಕುಮದೊಡನೆ ಕೊಟ್ಟು ಗೌರವಿಸುತ್ತಿದ್ದುದನ್ನು ನೋಡಿದರೆ ಬಟ್ಟೆಗಿಂತ ಬಾಳಿನ ಸ್ಥಿತಿಯನ್ನು ಗುರುತಿಸುವುದೇ ಇಲ್ಲಿಯ ಉದ್ದೇಶವೆಂಬುದು ಸ್ಪಷ್ಟ. (ಈ ಕಣಗಳಲ್ಲಿ ಎಷ್ಟೋ ಎಂದೂ ಹೊಲಿಸಲ್ಪಡದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆಂಬುದು ಗೃಹಿಣಿಯರೆಲ್ಲ ಬಲ್ಲ ವಿಷಯ.) ಕಾಡುಗೊಲ್ಲರ ಹಟ್ಟಿಗಳಲ್ಲಿ ಹೆಂಗಸರು ರವಿಕೆ ತೊಡದಿರುವುದು ಕಟ್ಟಲೆಯಾಗಿತ್ತು, ಅಲ್ಲಿ ಅದಕ್ಕೆ ವೈಧವ್ಯದ ಅರ್ಥ ಲೇಶವೂ ಇರಲಿಲ್ಲ. ಒಂದೇ ಇಲ್ಲದಿರುವಿಕೆ ಒಂದು ಕಡೆ ಶಿಕ್ಷೆ, ಇನ್ನೊಂದು ಕಡೆ ಕುಲಾಚಾರ. ಅಕ್ಕಮಹಾದೇವಿಯ ದಿಗಂಬರತ್ವ ಎಷ್ಟು ಕಟ್ಟುಗಳನ್ನು ಒಮ್ಮೆಗೇ ಹರಿದಿತೆಂಬುದು ಈ ಹಿನ್ನೆಲೆಯಲ್ಲಿ ವೇದ್ಯವಾಗುತ್ತದೆ.

1877ರಲ್ಲಿ ಮೊದಲು ಪ್ರಕಟವಾದ ಲೂಯಿ ರೈಸರ ಮೈಸೂರು ಗೆಜೆಟಿಯರಿನಲ್ಲಿ ಹೆಂಗಸರ ಕುಪ್ಪಸ ಗಿಡ್ಡವೂ ಬಿಗಿಯೂ ಆಗಿದ್ದು, ಅದರ ತುದಿಗಳನ್ನು ಮುಂದೆ ಗಂಟಿಕ್ಕುತ್ತಿದ್ದರೆಂಬ ವರ್ಣನೆಯಿದೆ. ಸೀರೆಯ ಸಾಮಾನ್ಯ ಬಣ್ಣಗಳು ಕಡುನೀಲಿ ಮತ್ತು ಮಂಕು ಕೆಂಪು. ಇದಾದ ಕೆಲವೇ ವರ್ಷಗಳಲ್ಲಿ ಬದಲಾವಣೆಯ ವೇಗ ಹೆಚ್ಚಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದುವು. ತೆಳುವಾದ, ಅಗ್ಗವಾದ ಗಿರಣಿಯ ಬಟ್ಟೆ ಸಂತೆಗಳಿಗೆ ಇಳಿದಂತೆ ಹಳ್ಳಿಯ ನೇಕಾರನ ಒರಟು ಬಟ್ಟೆ ಹಿಂದೆ ಸರಿಯಿತು. ಕಂಬಳಿ ಮಾತ್ರ ಇನ್ನೂ ಬಹುಕಾಲ ತಡೆದು ನಿಂತಿತು. ಅದಕ್ಕೆ ಬದಲಾಗುವ ಸರಕು ಗಿರಣಿಯಲ್ಲಿ ಇರಲಿಲ್ಲ.

ಅದೇ 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ (1891-1972) ಹೆಸರಿನೊಡನೆ ಒಂದಾದ ಈ ಕಂಪೆನಿಯನ್ನು ನಾಟಕದ ಚರಿತ್ರೆಯಲ್ಲಿ ಮಾತ್ರವಲ್ಲದೆ ಉಡುಪಿನ ಚರಿತ್ರೆಯಲ್ಲಿಯೂ ಪರಿಗಣಿಸಬೇಕು. ಮಖಮಲ್ಲು, ಜರಿ, ಮಿಣುಕುಗಳಿಂದ ಮಿರುಗುವ ಕೃಷ್ಣಾರ್ಜುನರನ್ನು ಕಂಡ ಜನ ಪುರಾಣಪುರುಷರು ಹಾಗೆಯೇ ಇದ್ದರೆಂದು ನಂಬಿದರು. ಆ ವೇಷಗಳಲ್ಲಿ ಆಸ್ಥಾನದ ನಿಲುವಂಗಿಯ ಸಂಪ್ರದಾಯವೂ ಯೂರೋಪಿನ ರಂಗದ ಮಖಮಲ್ಲೂ ಬೆರೆತಿದ್ದುವು. ಕೈದಾಳದ ಕಲ್ಲಿನ ಕೇಶವನಿಗೂ ಅವಕ್ಕೂ ಸಂಬಂಧವಿರಲಿಲ್ಲ. ಇದರ ಜೊತೆಗೆ 1894ರಲ್ಲಿ ರಾಜಾ ರವಿವರ್ಮನು ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಗೆ ಬಂದುವು. ಲಕ್ಷ್ಮಿ ಸರಸ್ವತಿಯರು ರವಿಕೆ ತೊಟ್ಟು, ಮುಂದೆ ನೆರಿಗೆ ಹಿಡಿದು, ಸೆರಗನ್ನು ಇಳಿಬಿಟ್ಟು ನಿಂತ ಭಂಗಿಯೇ ಕುಲೀನ ಸ್ತ್ರೀಯ ಉಡಿಗೆಯ ಮಾದರಿಯಾಯಿತು. 18 ಮೊಳದ ಕಚ್ಚೆಯ ಸೀರೆ ಹಿರಿಯರ ಪಾಲಿಗೆ ಉಳಿದು, 6 ಗಜದ ಸೀರೆ ಕಿರಿಯರ ಪಾಲಿಗೆ ಬಂದುದರಲ್ಲಿ ಶಾಲೆ, ರೈಲು, ಬಟ್ಟೆಯ ಬೆಲೆಗಳೊಡನೆ ಈ ಚಿತ್ರಗಳ ಪಾತ್ರವೂ ಉಂಟು. ನಾವು ಇಂದು ಪುರಾತನವೆಂದು ಭಾವಿಸುವ ಸೀರೆಯ ರೂಪ ಹೀಗೆ ಹೆಚ್ಚುಕಡಮೆ ನೂರೈವತ್ತು ವರ್ಷಗಳ ಈಚಿನದು.

ಗಂಡಸರ ವಿಷಯದಲ್ಲಿ ಕಚೇರಿಯೂ ಕಾಲೇಜೂ ಮಾದರಿಯನ್ನು ಒದಗಿಸಿದುವು. ಕಚ್ಚೆಪಂಚೆ, ಕೊರಳವರೆಗೆ ಗುಂಡಿಯಿಕ್ಕಿದ ಉದ್ದ ಕೋಟು, ಮಡಿಸಿದ ವಲ್ಲಿ, ಜರಿಯಂಚಿನ ರುಮಾಲು: ಮೈಸೂರು ಸಂಸ್ಥಾನದ ಅಧಿಕಾರಿ, ವಕೀಲ, ಉಪಾಧ್ಯಾಯರ ಈ ವೇಷದಲ್ಲಿ ಕೆಳಗಿನರ್ಧ ದೇವರ ಮನೆಯದು, ಮೇಲಿನರ್ಧ ದರ್ಬಾರಿನದು. ವಿಜಯನಗರದಲ್ಲಿ ಬೇರೆ ಬೇರೆ ಹೊತ್ತಿಗೆ ಸಲ್ಲುತ್ತಿದ್ದ ಎರಡು ಉಡುಪುಗಳು ಇಲ್ಲಿ ಒಂದೇ ಮೈಯಲ್ಲಿ ರಾಜಿಮಾಡಿಕೊಂಡವು. ವಿಶ್ವೇಶ್ವರಯ್ಯನವರ ಪೇಟವನ್ನು ಬಿಟ್ಟು ಅವರ ಮುಖವನ್ನು ನೆನೆಯುವುದು ನಮಗೆ ಸಾಧ್ಯವೇ ಇಲ್ಲ. ಜುಟ್ಟು ಹೋಗಿ ಕ್ರಾಪು ಬಂದಾಗ ರುಮಾಲಿಗೆ ಆಧಾರ ತಪ್ಪಿತು. ಕೆಲಕಾಲ ಟೋಪಿ ಅದರ ಸ್ಥಾನದಲ್ಲಿದ್ದು, ಬಳಿಕ ತಲೆ ಬರಿದಾಯಿತು.

ಖಾದಿಯ ಚಳವಳಿ ಈ ಕ್ರಮವನ್ನು ತಲೆಕೆಳಗು ಮಾಡಲು ಯತ್ನಿಸಿತು. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ಅಂಗಿ ಟೋಪಿಗಳನ್ನು ತ್ಯಜಿಸಿ ರೈತನ ತುಂಡುಪಂಚೆಯನ್ನು ಉಟ್ಟರು. 1924ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ಹಣದ ಬದಲು ತಿಂಗಳಿಗೆ 2000 ಗಜ ನೂಲನ್ನು ಗೊತ್ತುಮಾಡಿತು. ಮೈಸೂರು ಸಂಸ್ಥಾನದಲ್ಲಿ ಬದನವಾಳು ನೂಲುವಿಕೆಯ ಕೇಂದ್ರವಾಯಿತು. ಮೊಳಕಾಲಿನ ಮೇಲಿನ ಪಂಚೆ, ಅಂದರೆ ಹೀನವೆಂದು ಎಣಿಸಲ್ಪಟ್ಟ ಅಳತೆಯೇ, ದೇಶದ ಅತ್ಯುಚ್ಚ ಗೌರವದ ಉಡುಪಾಯಿತು. ಆದರೂ ಊರ ಗೌಡನ ಮುಂದೆ ಪಂಚೆಯನ್ನು ಮೇಲಕ್ಕೆ ಎತ್ತಿ ಕಟ್ಟಿ ನಿಲ್ಲಬೇಕಾಗಿದ್ದವನ ಮಗ ಖಾದಿಯ ತುಂಡುಪಂಚೆಗಿಂತ ಕೋಟು ಷರಾಯಿಗಳನ್ನು ಮೆಚ್ಚಿದನು. ಡಾ. ಅಂಬೇಡ್ಕರರ ಸೂಟು ಆತನಿಗೆ ಹೇಳಿದುದನ್ನು ಚರಖಾ ಹೇಳಲಾರದೆ ಹೋಯಿತು. ಇದನ್ನು ಪರದೇಶದ ಅನುಕರಣೆಯೆಂದು ಹಳಿದವರು ಉಡುಪಿನ ಅಳತೆಯನ್ನು ಎಂದೂ ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲದವರು.

ಮುಂದಿನ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. ಹೊಲಿಗೆಯ ಯಂತ್ರ ಹಳ್ಳಿಯ ಜಗಲಿಗೆ ಬಂದುದು, 1960-70ರ ದಶಕಗಳಲ್ಲಿ ಟೆರಿಲಿನ್ ಪಾಲಿಯೆಸ್ಟರುಗಳು ಹತ್ತಿಯನ್ನು ಸೋಲಿಸಿದುದು, ಪ್ಯಾಂಟು ಓದಿದವರಿಂದ ಉಳುವವರಿಗೂ ಹಬ್ಬಿದುದು, ಚೂಡಿದಾರವು ಲಂಗದಾವಣಿಯನ್ನು ಹಿಂದೂಡಿದುದು ಎಲ್ಲರೂ ಕಂಡ ಸಂಗತಿಗಳು. ಹಳೆಯ ಉಡುಪುಗಳು ಹೀಗೆ ನಿತ್ಯದ ಬಳಕೆಯಿಂದ ತಪ್ಪಿದರೂ ಅಳಿದಿಲ್ಲ. ಅವು ವಿಶೇಷ ಸಂದರ್ಭಗಳಿಗೆ ಬಡ್ತಿ ಪಡೆದಿವೆ. ಕಚ್ಚೆಯ ಸೀರೆ ಧಾರೆಯ ಹೊತ್ತಿನಲ್ಲಿ ಕಾಣುತ್ತದೆ. ಕಂಬಳಿ ಹೆಗಲನ್ನು ಬಿಟ್ಟು ಗದ್ದಿಗೆಯಲ್ಲಿ ಉಳಿದಿದೆ. ಬಿಳಿಯ ಪಂಚೆ ಮದುವೆಯ ಚಪ್ಪರಕ್ಕೂ ರಾಜಕಾರಣಿಗೂ ಮೀಸಲು. ಮೈಸೂರು ಪೇಟದ ಸ್ಥಿತಿ ಇನ್ನೂ ವಿಚಿತ್ರ: ಒಂದು ಕಾಲಕ್ಕೆ ದಿನವೂ ಸುತ್ತಿಕೊಳ್ಳುತ್ತಿದ್ದ ಅದನ್ನು ಈಗ ಸಿದ್ಧವಾಗಿ ಕೊಂಡುತಂದು, ಸನ್ಮಾನಿತರ ತಲೆಗೆ ಇಟ್ಟು, ಚಿತ್ರ ತೆಗೆದೊಡನೆ ಅವರೇ ಇಳಿಸಿ ಮೇಜಿನ ಮೇಲಿಡುತ್ತಾರೆ. ನಮ್ಮ ಕಾಲೇಜುಗಳ ಸಭೆಗಳಲ್ಲಿಯೂ ಇದು ನಿತ್ಯದ ದೃಶ್ಯ.

ಕಾರ್ತಿಕದ ಸಂಜೆ ಗೂಳೂರಿನ ಗಣಪತಿಯ ಮುಂದೆ ನೆರೆದ ಜನರನ್ನು ನೋಡಿದರೆ ಈ ಎಲ್ಲ ಪದರಗಳೂ ಒಟ್ಟಿಗೆ ಕಾಣಸಿಗುತ್ತವೆ: ಮಡಿಯುಟ್ಟ ಅರ್ಚಕ, ಹೆಗಲ ಮೇಲೆ ವಲ್ಲಿ ಹೊತ್ತ ಹಿರಿಯ, ಜೀನ್ಸ್ ತೊಟ್ಟ ಮಗ, ಕುಲಾವಿಯ ಕೂಸು. ಊರೊಳಗಿನ ಬೀದಿಯಲ್ಲಿ ಮತ್ತೊಂದು ಉಡುಪನ್ನು ಗಮನಿಸಬಹುದು. ಕಳೆದ ಕೆಲವು ದಶಕಗಳಲ್ಲಿ ಹಳ್ಳಿಯ ಹೆಂಗಸರಲ್ಲಿ ಸೀರೆಯಷ್ಟೇ ವ್ಯಾಪಕವಾದ ನೈಟಿಗೆ ಉಡು ಎಂಬ ಕ್ರಿಯಾಪದವೂ ಇಲ್ಲ, ತೊಡು ಎಂಬುದೂ ಅಪರೂಪ. ಅದನ್ನು ಹಾಕಿಕೊಳ್ಳುತ್ತಾರೆ, ಅಷ್ಟೆ. ಹೆಸರಿಗೆ ಇರುಳಿನದಾದ ಅದನ್ನು ಹಗಲೆಲ್ಲ ಧರಿಸಿ ನೀರು ಹೊರುವ, ಹಾಲು ಕರೆಯುವ ಹೆಂಗಸು, ಹೊರಗಿನವರು ಬಂದ ಸದ್ದು ಕೇಳಿದೊಡನೆ ಗಳುವಿನ ಮೇಲಿನ ಟವೆಲನ್ನು ಸೆಳೆದು ಎದೆಯ ಮೇಲೆ ಹೊದ್ದುಕೊಂಡು ಬಾಗಿಲಿಗೆ ಬರುತ್ತಾಳೆ.